ಮಂಜಿಗೆ ಕೂಗುತ್ತೆ, ಮನುಷ್ಯ ದಾಟಿದರೆ ಕೂಗಲ್ಲ: ಬೀಮ್ ಸೆನ್ಸರ್ ವೈರಿಂಗ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಅಡಿಕೆ ಬೆಳೆಗಾರ, ತೀರ್ಥಹಳ್ಳಿ ಕಡೆ):
ನಮಸ್ಕಾರ ಸಾರ್. ಮನೆ ಹಿಂದೆ ಅಡಿಕೆ ಒಣಗಿಸುವ ಅಟ್ಟ ಇದೆ. ಬೇಯಿಸಿದ ಅಡಿಕೆ ರಾತ್ರಿಯೆಲ್ಲ ಅಲ್ಲೇ ಇರುತ್ತೆ, ಈಗಿನ ರೇಟಿಗೆ ಎರಡು ಮೂಟೆ ಹೋದರೂ ಹೊಟ್ಟೆ ಉರಿಯುತ್ತೆ. ಹಾಗಾಗಿ ಹೋದ ವರ್ಷ ಕೊಯ್ಲಿಗೆ ಮುಂಚೆ ಅಟ್ಟದ ಎರಡು ಬದಿಗೆ, ಯಾರಾದರೂ ಅಡ್ಡ ದಾಟಿದರೆ ಸೈರನ್ ಕೂಗಿಸುವ ಬೀಮ್ ಸೆನ್ಸರ್ ಹಾಕಿಸಿದೆ. ಎಲ್ ಆಕಾರ. ಒಂದು ಬದಿ 45 ಮೀಟರ್, ಇನ್ನೊಂದು 30. ಎರಡೂ 60 ಮೀಟರ್ ರೇಂಜಿನ ಡಬಲ್ ಬೀಮ್. ಮೂಲೆ ಕಂಬದಲ್ಲಿ ಎರಡೂ ರಿಸೀವರ್ ಇವೆ, ಆಚೆ ತುದಿಗಳಲ್ಲಿ ಒಂದೊಂದು ಟ್ರಾನ್ಸ್‌ಮಿಟರ್. ಮನೆಯೊಳಗಿನ ಅಲಾರಂ ಪ್ಯಾನೆಲ್‌ನಿಂದ ಮೂಲೆ ಕಂಬಕ್ಕೆ ಸುಮಾರು 110 ಮೀಟರ್, ಇಂಟರ್‌ನೆಟ್‌ಗೆ ಎಳೀತಾರಲ್ಲ ಆ ಕೇಬಲ್ಲನ್ನೇ ಎಳೆದಿದ್ದಾರೆ. ತೊಂದರೆ ಏನಂದ್ರೆ ಬೆಳಗಿನ ಜಾವ ಮಂಜು ಬಿದ್ದರೆ ಸೈರನ್ ಕೂಗುತ್ತೆ. ಕರೆಂಟ್ ಹೋಗಿ ಸ್ವಲ್ಪ ಹೊತ್ತಾದರೂ ಕೂಗುತ್ತೆ. ಮೊನ್ನೆ ನಾನೇ ಬೇಕಂತಲೇ ಅಡ್ಡ ದಾಟಿದೆ, ಕೂಗಲೇ ಇಲ್ಲ! ಹಾಕಿದವರು ಫೋನ್ ಎತ್ತುತ್ತಿಲ್ಲ. ಸೆನ್ಸರ್ ಹಾಳಾಗಿದೆಯಾ? ಹೊಸದು ತಗೊಳ್ಳಲಾ?

ಉತ್ತರ (ಅಲಾರಂ ಟೆಕ್ನೀಷಿಯನ್, ಶಿವಮೊಗ್ಗ):
ಗೌಡ್ರೇ, ದುಡ್ಡು ಬಿಚ್ಚಬೇಡಿ. ನೀವು ಹೇಳಿದ ಲಕ್ಷಣ ಕೇಳಿದರೆ ಸೆನ್ಸರ್ ಮೇಲೆ ಅನುಮಾನ ಬರಲ್ಲ, ವೈರಿಂಗ್ ಮೇಲೆ ಬರುತ್ತೆ. ಟ್ರಾನ್ಸ್‌ಮಿಟರ್ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಬಿಡುತ್ತೆ, ರಿಸೀವರ್ ಅದನ್ನು ಹಿಡಿಯುತ್ತೆ. ಬೆಳಕು ಸಿಗುತ್ತಿರುವ ತನಕ ರಿಸೀವರ್ ಒಳಗಿನ ರಿಲೇ ಎನ್‌ಸಿ (ನಾರ್ಮಲಿ ಕ್ಲೋಸ್ಡ್, ಮಾಮೂಲಿಗೆ ಮುಚ್ಚಿರುವ) ಕಾಂಟ್ಯಾಕ್ಟನ್ನು ಮುಚ್ಚಿಟ್ಟುಕೊಂಡಿರುತ್ತೆ. ಬೆಳಕು ತಪ್ಪಿದರೆ ಕಾಂಟ್ಯಾಕ್ಟ್ ತೆರೆಯುತ್ತೆ. ರಿಸೀವರ್‌ಗೆ ಕರೆಂಟ್ ಸಾಲದೆ ಹೋದರೂ ತೆರೆಯುತ್ತೆ, ಕಳ್ಳ ವೈರ್ ಕತ್ತರಿಸಿದರೂ ಗೊತ್ತಾಗಲಿ ಅಂತ ಹಾಗೆ ಮಾಡಿರೋದು. ಡಬಲ್ ಬೀಮಲ್ಲಿ ಮೇಲಿನದು ಕೆಳಗಿನದು ಎರಡೂ ಒಟ್ಟಿಗೆ ತಪ್ಪಬೇಕು, ಹಕ್ಕಿಗೋ ಉದುರಿದ ಎಲೆಗೋ ಕೂಗಬಾರದು ಅಂತ.

ಮನೇಲಿ ಮಲ್ಟಿಮೀಟರ್ ಇದೆಯಾ? ಇದ್ದರೆ ನಾಲ್ಕು ಅಳತೆ ಬೇಕು. ಪ್ಯಾನೆಲ್ ಡಬ್ಬದಲ್ಲಿ 230 ವೋಲ್ಟ್ ಇರುತ್ತೆ, ಮುಚ್ಚಳ ತೆಗೆಯೋ ಮುಂಚೆ ಮೇನ್ ಆಫ್ ಮಾಡಿ. ಮೊದಲು ಜೋನಿನ, ಅಂದರೆ ಸೆನ್ಸರ್ ಸಿಗ್ನಲ್ ಪ್ಯಾನೆಲ್‌ಗೆ ಬರುವ ಲೈನಿನ, ಎರಡು ವೈರ್ ಪ್ಯಾನೆಲ್‌ನಿಂದ ಬಿಚ್ಚಿ, ಬ್ಯಾಟರಿ ಮೇಲೆ ಸೆನ್ಸರ್ ಓಡುತ್ತಿರುವಾಗಲೇ ಆ ಎರಡು ವೈರ್ ನಡುವೆ ಎಷ್ಟು ಓಮ್ ನೋಡಿ. ಆಮೇಲೆ ಮನೆಯವರನ್ನು ಒಂದು ಬೀಮಿಗೆ ಅಡ್ಡ ನಿಲ್ಲಿಸಿ ನೋಡಿ, ಆಮೇಲೆ ಎರಡಕ್ಕೂ ಒಬ್ಬೊಬ್ಬರು ನಿಂತಾಗ. ಎಲ್ಲ ಮುಚ್ಚಿ ಕರೆಂಟ್ ಹಾಕಿದ ಮೇಲೆ ಮೂಲೆ ಕಂಬಕ್ಕೆ ಹೋಗಿ ರಿಸೀವರ್ ಪ್ಲಸ್ ಮೈನಸ್ ಸ್ಕ್ರೂ ಮೇಲೆ ವೋಲ್ಟೇಜ್ ಬರಕೊಳ್ಳಿ. ರೆಸಿಸ್ಟರ್ ಎಲ್ಲಿದೆ ಅಂತಲೂ ನೋಡಿ, ಬಣ್ಣದ ಗೆರೆ ಇರುವ ಸಣ್ಣ ಕಡ್ಡಿ ಥರ ಇರುತ್ತೆ.

ಬೆಳೆಗಾರ:
ನೋಡಿದೆ ಸಾರ್. ಯಾರೂ ಅಡ್ಡ ಇಲ್ಲದಾಗ 29 ಓಮ್. ಮಗಳು 45 ಮೀಟರ್ ಬೀಮಿಗೆ ಅಡ್ಡ ನಿಂತಳು, ಆಗಲೂ 29. ಇನ್ನೊಂದಕ್ಕೆ ನಮ್ಮ ಕೆಲಸದವನು ನಿಂತ ಮೇಲೆ ಮೀಟರಲ್ಲಿ ಓಎಲ್ ಬಂತು. ಕರೆಂಟ್ ಇರುವಾಗ ಪ್ಯಾನೆಲಲ್ಲಿ 13.6 ವೋಲ್ಟ್, ಕಂಬದಲ್ಲಿ 10.1. ರೆಸಿಸ್ಟರ್ ಪ್ಯಾನೆಲ್ ಸ್ಕ್ರೂಗೇ ಸುತ್ತಿದ್ದಾರೆ.

ಉತ್ತರ:
ನೀವು ಕೊಟ್ಟ ಅಂಕಿಗಳಲ್ಲಿ ಕಥೆ ಪೂರ್ತಿ ಇದೆ. ಮೀಟರಲ್ಲಿ ಓಎಲ್ ಅಂದರೆ ಲೈನ್ ಪೂರ್ತಿ ತೆರೆದಿದೆ ಅಂತ.

ಮೊದಲನೇದು, ನಿಮ್ಮ ಎರಡು ರಿಸೀವರ್‌ಗಳ ಎನ್‌ಸಿ ಕಾಂಟ್ಯಾಕ್ಟನ್ನು ಕಂಬದಲ್ಲಿ ಪ್ಯಾರಲಲ್ ಸೇರಿಸಿದ್ದಾರೆ. ಅಂದರೆ ಒಂದು ಜೋನಿಗೆ ಎರಡು ಬಾಗಿಲು, ಒಂದು ತೆರೆದರೂ ಇನ್ನೊಂದು ಮುಚ್ಚಿರುತ್ತೆ, ಪ್ಯಾನೆಲ್‌ಗೆ ಏನೂ ಗೊತ್ತಾಗಲ್ಲ. ಕಳ್ಳ ಒಂದು ಬದಿಯಿಂದ ಬರುತ್ತಾನೆಯೇ ಹೊರತು ಎರಡು ಬದಿಯಿಂದ ಒಂದೇ ಕ್ಷಣಕ್ಕೆ ದಾಟಲ್ಲ ಅಲ್ವಾ? ಮಂಜು ಮಾತ್ರ ಎರಡೂ ಬೀಮನ್ನು ಒಟ್ಟಿಗೆ ಮುಚ್ಚುತ್ತೆ, ವೋಲ್ಟೇಜ್ ಬಿದ್ದರೂ ಎರಡೂ ರಿಸೀವರ್ ಒಟ್ಟಿಗೆ ಮಲಗುತ್ತವೆ. ಅದಕ್ಕೇ ನಿಮ್ಮ ಸೈರನ್ ಮಂಜಿಗೆ, ಕರೆಂಟ್ ಹೋದದ್ದಕ್ಕೆ ಮಾತ್ರ ಕೂಗೋದು. ಎನ್‌ಸಿ ಯಾವತ್ತೂ ಸೀರೀಸ್, ಅಂದರೆ ಒಂದರ ಹಿಂದೊಂದು. ಎನ್‌ಓ (ಮಾಮೂಲಿಗೆ ತೆರೆದಿರುವುದು) ಆದರೆ ಪ್ಯಾರಲಲ್. ಇದೊಂದನ್ನು ಉಲ್ಟಾ ಮಾಡಿದ್ದನ್ನು ನಾನು ಎಷ್ಟು ಕಡೆ ನೋಡಿದೀನಿ ಅಂದ್ರೆ, ಹೋದ ಕೂಡಲೇ ಮೊದಲು ನೋಡೋದೇ ಅದನ್ನ.

ಎರಡನೇದು ಆ 29 ಓಮ್. 110 ಮೀಟರ್ ಹೋಗಿ ವಾಪಸ್ ಬಂದರೆ 220 ಮೀಟರ್ ವೈರ್. ಆ ಕೇಬಲ್ಲಿನ ಎಳೆ ಪೂರ್ತಿ ತಾಮ್ರ ಆಗಿದ್ದರೆ 18-19 ಓಮ್ ಬರಬೇಕಿತ್ತು. ಒಂದೂವರೆ ಪಟ್ಟು ಬಂದಿದೆ ಅಂದರೆ ಅದು ತಾಮ್ರದ ಲೇಪನ ಇರುವ ಅಲ್ಯೂಮಿನಿಯಂ. ಎಳೆಯ ತುದಿಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಾಣುತ್ತೆ. ನಾಲ್ಕೂ ಡಬ್ಬ ಸೇರಿ ಸುಮಾರು 120 ಮಿಲಿಆಂಪ್ ಎಳೆಯುತ್ತಿವೆ. 29 ಓಮಿಗೆ 0.12 ಆಂಪ್ ಅಂದ್ರೆ ಮೂರೂವರೆ ವೋಲ್ಟ್ ದಾರಿಯಲ್ಲೇ ಖರ್ಚು. ಲೆಕ್ಕ ಸರಿ ಬಂತು ನೋಡಿ, 13.6ರಲ್ಲಿ ಕಳೆದರೆ 10.1. ಇಂಥ ಸೆನ್ಸರ್‌ಗಳಿಗೆ ಕನಿಷ್ಠ ಹತ್ತೂವರೆ ಬೇಕು ಅಂತ ಸಾಮಾನ್ಯವಾಗಿ ಬರೆದಿರುತ್ತೆ, ನಿಮ್ಮ ಡಬ್ಬದ ಜತೆ ಬಂದ ಕಾಗದ ನೋಡಿ. ಕರೆಂಟ್ ಹೋಗಿ ಬ್ಯಾಟರಿ 12ಕ್ಕೆ ಇಳಿದರೆ ಕಂಬದಲ್ಲಿ ಎಂಟೂವರೆ. ಇನ್ನೇನು ಕೂಗದೆ ಇರುತ್ತಾ?

ಮಾಡಬೇಕಾದ್ದು: ಪವರ್‌ಗೆ ಮಾತ್ರ ಬೇರೆ ವೈರ್ ಎಳೆಯಿರಿ. 1.5 ಸ್ಕ್ವೇರ್ ಎಂಎಂ ಎರಡು ಕೋರ್, ಪೂರ್ತಿ ತಾಮ್ರದ್ದು. ಆಗ ನಷ್ಟ ಬರೀ 0.3 ವೋಲ್ಟ್ ಆಗುತ್ತೆ. ಹಳೇ ಕೇಬಲ್ ಕೀಳಬೇಡಿ, ಸಿಗ್ನಲ್‌ಗೆ ಧಾರಾಳ ಸಾಕು. ಒಂದು ಜೋಡಿ ಒಂದನೇ ಬೀಮಿಗೆ, ಇನ್ನೊಂದು ಎರಡನೇದಕ್ಕೆ, ಮೂರನೇದು ಟ್ಯಾಂಪರ್‌ಗೆ, ಅಂದರೆ ಯಾರಾದರೂ ಡಬ್ಬದ ಮುಚ್ಚಳ ತೆಗೆದರೆ ತಿಳಿಸುವ ಸ್ವಿಚ್‌ಗೆ. ಪ್ಯಾನೆಲಲ್ಲಿ ಜೋನ್ ಖಾಲಿ ಇದ್ದರೆ ಸೀರೀಸ್ ಕೂಡ ಬೇಡ, ಬೀಮಿಗೊಂದು ಜೋನ್ ಕೊಡಿ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಯಾವ ಕಡೆ ಓಡಬೇಕು ಅಂತಾದರೂ ಗೊತ್ತಾಗುತ್ತೆ.

ರೆಸಿಸ್ಟರ್ ವಿಷಯ. ಅದರ ಹೆಸರೇ ಎಂಡ್ ಆಫ್ ಲೈನ್, ಲೈನಿನ ಕೊನೆಯಲ್ಲಿ ಅಂದರೆ ರಿಸೀವರ್ ಡಬ್ಬದೊಳಗೆ ಇರಬೇಕು, ಎನ್‌ಸಿ ಜತೆ ಸೀರೀಸಲ್ಲಿ. ಪ್ಯಾನೆಲಲ್ಲೇ ಸುತ್ತಿಟ್ಟರೆ ಯಾರಾದರೂ ದಾರಿಯಲ್ಲಿ ಎರಡು ವೈರ್ ಕೆರೆದು ಸೇರಿಸಿದರೆ ಪ್ಯಾನೆಲ್ 'ಎಲ್ಲ ಸರಿ ಇದೆ' ಅಂತಲೇ ತಿಳಕೊಳ್ಳುತ್ತೆ. ಪ್ಯಾನೆಲಿಂದ ಪ್ಯಾನೆಲ್‌ಗೆ ಬೆಲೆ ಬೇರೆ, ಒಂದಕ್ಕೆ 1 ಕೆ (ಸಾವಿರ ಓಮ್), ಇನ್ನೊಂದಕ್ಕೆ 5.6 ಕೆ. ನಿಮ್ಮದಕ್ಕೆ ಬಂದದ್ದನ್ನೇ ಹಾಕಿ, ಎರಡನೇ ಜೋನಿಗೂ ಅದೇ ಬೆಲೆಯದು. ಟ್ಯಾಂಪರ್‌ಗಳನ್ನೆಲ್ಲ ಸೀರೀಸಲ್ಲಿ ಸೇರಿಸಿ, ಅಲಾರಂ ಆಫ್ ಇದ್ದರೂ ಕಾಯುವ 24 ಗಂಟೆ ಜೋನಿಗೆ ಕೊಡಿ. ಹಗಲು ಅಲಾರಂ ಆಫ್ ಇದ್ದಾಗಲೇ ಅಲ್ವಾ ಮುಚ್ಚಳ ತೆಗೆದು ನೋಡೋರು ಬರೋದು.

ಇನ್ನೊಂದು ಮರೆತೆ, ಐಬೆಕ್ಸ್ ಬೇಲಿ (ಕರೆಂಟ್ ಹೊಡೆಯುವ ತಂತಿ ಬೇಲಿ) ಇದೆಯಾ ತೋಟಕ್ಕೆ? ಇದ್ದರೆ ಅದರ ತಂತಿ ಪಕ್ಕದಲ್ಲೇ ಈ ವೈರ್ ಓಡಿಸಬೇಡಿ. ಬೇಲಿ ಸುಮಾರು ಸೆಕೆಂಡಿಗೊಂದು ಸಾರಿ ಹೊಡೆಯುವ ಪೆಟ್ಟು ಇದರಲ್ಲಿ ಸದ್ದಾಗಿ ಸೇರಿಕೊಳ್ಳುತ್ತೆ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ.

ಮತ್ತೊಬ್ಬರು (ಮೈಸೂರು):
ನಡುವೆ ಬಾಯಿ ಹಾಕ್ತಿದೀನಿ, ಬೈಬೇಡಿ. ನಮ್ಮದು ಸಿಟಿ ಮನೆ, ಕಾಂಪೌಂಡ್ ಒಳಗೆ ಬೀಮ್ ಇದೆ. ನಾಯಿ, ಬೆಕ್ಕು ಓಡಾಡಿದರೆ ಕೂಗುತ್ತಿತ್ತು. ಒಳಗೆ ಒಂದು ತಿರುಗಿಸೋ ಗುಬುಟು ಇದೆ, ಅದನ್ನು ಕೊನೆಗೆ ತಿರುಗಿಸಿದೆ. ಈಗ ಕೂಗ್ತಿಲ್ಲ. ಸರಿ ತಾನೆ?

ಉತ್ತರ:
ಸರಿ ಇಲ್ಲ ಸಾರ್. ಅದು ರೆಸ್ಪಾನ್ಸ್ ಟೈಮ್. ಎಷ್ಟು ಹೊತ್ತು ಬೀಮ್ ತಪ್ಪಿದರೆ ಲೆಕ್ಕಕ್ಕೆ ತಗೋಬೇಕು ಅನ್ನೋದು, ಸಾಮಾನ್ಯವಾಗಿ 50 ಮಿಲಿಸೆಕೆಂಡಿನಿಂದ 500 ಅಥವಾ 700ರ ತನಕ ಇರುತ್ತೆ. ಮನುಷ್ಯನ ಮೈ ಒಂದಡಿ ದಪ್ಪ ಅಂತ ಇಟ್ಕೊಳ್ಳಿ. ಮಾಮೂಲಿ ನಡಿಗೆಯಲ್ಲಿ ದಾಟಿದರೆ ಬೀಮ್ ಕಾಲು ಸೆಕೆಂಡ್, ಅಂದರೆ 250 ಮಿಲಿಸೆಕೆಂಡ್ ತಪ್ಪುತ್ತೆ. ಓಡಿದರೆ 50-60. ನೀವು 500ಕ್ಕೆ ಇಟ್ಟಿದ್ದರೆ ಆರಾಮಾಗಿ ಸಿಗರೇಟ್ ಸೇದಿಕೊಂಡು ನಡೆದು ಬಂದವನೂ ಸಿಗಲ್ಲ. ಗೋಡೆ ಹಾರಿ ನಡೆದೇ ಬರಬೇಕಾದ ಜಾಗಕ್ಕೆ 100ರ ಆಸುಪಾಸು, ಓಡಲು ಜಾಗ ಇರುವ ಬಯಲಿಗೆ 50. ನಾಯಿ ತೊಂದರೆಗೆ ಮದ್ದು ಎತ್ತರ. ಬೀಮನ್ನು ನೆಲದಿಂದ 80-90 ಸೆಂಟಿಮೀಟರಿಗೆ ಏರಿಸಿ. ಬೆಕ್ಕು ಗೋಡೆ ಮೇಲಿಂದ ಎಗರಿದರೂ ಡಬಲ್ ಬೀಮಲ್ಲಿ ಎರಡನ್ನೂ ಒಟ್ಟಿಗೆ ಮುಚ್ಚೋದು ಅಪರೂಪ.

ಇನ್ನೊಬ್ಬರು (ಸಾಗರ):
ವೈರೇ ಬೇಡ, ಸೋಲಾರ್ ಬೀಮ್ ಅಂತ ಆನ್‌ಲೈನಲ್ಲಿ ಬರುತ್ತಲ್ಲ, ಅದು ಆಗುತ್ತಾ?

ಉತ್ತರ:
ಬಯಲಲ್ಲಿ ಆಗುತ್ತೆ. ಕೊಯ್ಲಿನ ಕಾಲಕ್ಕೆ ಬಿಸಿಲೂ ಇರುತ್ತೆ. ಮರದ ನೆರಳಿದ್ದರೆ, ಅಥವಾ ಜೂನ್‌ನಿಂದ ಆಗಸ್ಟ್ ತನಕವೂ ಕೆಲಸ ಮಾಡಬೇಕು ಅಂದರೆ ಬೇಡ, ನಮ್ಮ ಮಳೆಗಾಲಕ್ಕೆ ಆ ಬ್ಯಾಟರಿ ತಡೆಯಲ್ಲ. ರೇಡಿಯೋ ಸಿಗ್ನಲ್ ಮನೆ ತನಕ ಮುಟ್ಟುತ್ತಾ ಅಂತ ಕಂಬ ನೆಡುವ ಮುಂಚೆಯೇ ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಿ.

ಬೆಳೆಗಾರ:
ಸಾರ್, ಹೊಸ ವೈರ್ ತಂದೆ. ಎಲೆಕ್ಟ್ರಿಷಿಯನ್ ಹುಡುಗ ನಾಳೆ ಬರ್ತಾನೆ. ಹೇಗಿದ್ರೂ ಡಬ್ಬ ಬಿಚ್ತೀವಲ್ಲ, ಅಲೈನ್‌ಮೆಂಟ್ ಕೂಡ ನೋಡೋಣ ಅಂತ. 30 ಮೀಟರಿನ ಟ್ರಾನ್ಸ್‌ಮಿಟರ್ ಅಡಿಕೆ ಮರಕ್ಕೇ ಕಟ್ಟಿದ್ದಾರೆ.

ಉತ್ತರ:
ಮರಕ್ಕಾ! ಅಡಿಕೆ ಮರ ಗಾಳಿಗೆ ಎಷ್ಟು ತೂಗುತ್ತೆ ಅಂತ ನಿಮಗೆ ನಾನು ಹೇಳಬೇಕಾ ಗೌಡ್ರೇ. ಎರಡಿಂಚು ಜಿಐ ಪೈಪ್ ತಗೊಂಡು ಎರಡಡಿ ಗುಂಡಿಯಲ್ಲಿ ಕಾಂಕ್ರೀಟ್ ಹಾಕಿ ನಿಲ್ಲಿಸಿ, ತಲೆಗೆ ಮುಚ್ಚಳ. ವೈರ್ ಪೈಪಿನೊಳಗಿಂದಲೇ ಬರಲಿ, ಡಬ್ಬಕ್ಕೆ ಹೊಗುವ ತೂತಿಗೆ ಸಿಲಿಕಾನ್ ಮೆತ್ತಿ. ಇಲ್ಲದಿದ್ದರೆ ಒಂದು ಮಳೆಗಾಲದಲ್ಲಿ ಇರುವೆ ಗೂಡು ಗ್ಯಾರಂಟಿ, ಒಂದು ಸಾರಿ ಮುಚ್ಚಳ ತೆಗೆದರೆ ರಿಲೇ ಪಕ್ಕ ಹಲ್ಲಿ ಮೊಟ್ಟೆ ಇಟ್ಟಿತ್ತು.

ಅಲೈನ್‌ಮೆಂಟ್ ಅವಸರದ ಕೆಲಸ ಅಲ್ಲ. ಮುಚ್ಚಳ ತೆಗೆದರೆ ಲೆನ್ಸ್ ನಡುವೆ ಇಣುಕಿ ನೋಡುವ ಕಿಂಡಿ ಇರುತ್ತೆ. ಅದರಲ್ಲಿ ಎದುರು ಡಬ್ಬ ಸರಿಯಾಗಿ ನಡುವಿಗೆ ಬರೋ ಹಾಗೆ ಮಾಡಿ. ಇದನ್ನು ಎರಡೂ ತುದಿಯಲ್ಲಿ ಮಾಡಬೇಕು. ಆಮೇಲೆ ರಿಸೀವರಿನ ಚೆಕ್ ತೂತಿಗೆ ಮೀಟರ್ ಕಡ್ಡಿ ಚುಚ್ಚಿ, ಎಡ ಬಲ ಒಂದು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಿ. ವೋಲ್ಟೇಜ್ ಏರುತ್ತೆ, ಏರುತ್ತೆ, ಆಮೇಲೆ ಇಳಿಯಲು ಶುರು ಮಾಡುತ್ತೆ. ಇಳಿದ ಮೇಲೆ ವಾಪಸ್ ಬಂದು ಅತಿ ಜಾಸ್ತಿ ಬಂದ ಕಡೆ ನಿಲ್ಲಿಸಿ. ಮೇಲೆ ಕೆಳಗೆ ಸ್ಕ್ರೂಗೂ ಹಾಗೇ. ಬರೀ ರಿಸೀವರಿನ ಅಲಾರಂ ಲೈಟ್ ಆರಿತು ಅಂತ ಬಿಟ್ಟು ಬರೋರು ಜಾಸ್ತಿ, ಆದರೆ ಲೈಟ್ ಆರೋದು ಪಾಸ್ ಮಾರ್ಕಿಗೆ ಮಾತ್ರ. ನಮಗೆ ಮಂಜಿನ ದಿನಕ್ಕೆ ಬೇಕಾದ ಮಿಗತೆ ಬೇಕು. ಎರಡೂ ಬೀಮಿಗೆ ಬೇರೆ ಬೇರೆ ಚಾನೆಲ್ ಇಡುವ ಸ್ವಿಚ್ ಇದ್ದರೆ ಅದನ್ನೂ ಬದಲಿಸಿ, ಒಂದರ ಬೆಳಕನ್ನು ಇನ್ನೊಂದರ ರಿಸೀವರ್ ಹಿಡಿಯಬಾರದು ಅಂತ. ಒಂದೇ ಜೋಡಿಯ ಎರಡೂ ಡಬ್ಬಕ್ಕೆ ಮಾತ್ರ ಒಂದೇ ಚಾನೆಲ್ ಇರಲಿ.

ಬೆಳೆಗಾರ (ನಾಲ್ಕು ದಿನದ ಮೇಲೆ):
ಸಾರ್, ಆಯ್ತು. ಕಂಬದಲ್ಲಿ ಈಗ 13.2 ವೋಲ್ಟ್. ಒಂದೊಂದು ಬದಿಯೂ ಬೇರೆ ಬೇರೆ ಜೋನ್, ನಡೆದೂ ನೋಡಿದೆ, ಓಡಿಯೂ ನೋಡಿದೆ, ಹಿಡಿಯಿತು. ಓಡಿದ್ದಕ್ಕೆ ಸೊಂಟ ಹಿಡಿದದ್ದು ಬೇರೆ ವಿಷಯ. ಎರಡು ದಿನ ಮಂಜು ದಟ್ಟವಾಗಿತ್ತು, ಮೂಲೆ ಕಂಬವೇ ಕಾಣುತ್ತಿರಲಿಲ್ಲ, ಕೂಗಲಿಲ್ಲ. ಇವತ್ತು ಬೆಳಿಗ್ಗೆ ಐದಕ್ಕೆ ಎರಡನೇ ಜೋನ್ ಕೂಗಿತು. ಕತ್ತಿ ಹಿಡಿದು ಓಡಿದರೆ ನಮ್ಮ ಕೆಂಪಿ, ಕೊಟ್ಟಿಗೆಯಿಂದ ಬಿಚ್ಚಿಕೊಂಡು ಬಂದು ಅಟ್ಟದ ಕೆಳಗೆ ನಿಂತಿದ್ದಾಳೆ. ಇದಕ್ಕೆ ಏನಾದ್ರೂ ಸೆಟ್ಟಿಂಗ್ ಇದೆಯಾ?

ಉತ್ತರ:
ಇದೆ. ಕೊಟ್ಟಿಗೆ ಹಗ್ಗ ಬದಲಿಸಿ.