ಚಿಕ್ಕಮಗಳೂರು: ಹೊಸದಾಗಿ ಕೊಂಡ ಮನೆಯ ಹಾಲ್, ಪಶ್ಚಿಮದ ಗೋಡೆಗೆ ವಾಲ್‌ಪೇಪರ್ ಹಾಕಬಹುದಾ?

ಹೊಸಿಲು:
ಕಟ್ಟಿ ಎಂಟು ವರ್ಷ ಆಗಿರೋ ಮನೆ ತಗೊಂಡಿದ್ದೀವಿ. ಹಾಲ್ 12×15 ಅಡಿ. ಬಾಗಿಲು ಪೂರ್ವಕ್ಕೆ, ದಕ್ಷಿಣಕ್ಕೆ 5 ಅಡಿ ಅಗಲದ ಕಿಟಕಿ, ಉತ್ತರದ ಗೋಡೆಯ ಮೂಲೆಯಲ್ಲಿ ರೂಮಿನ ಬಾಗಿಲು. ಪಶ್ಚಿಮದ 12 ಅಡಿ ಗೋಡೆ ಪೂರ್ತಿ ಖಾಲಿ, ಅದರಾಚೆ ಬಯಲು. ಅದಕ್ಕೆ ವಾಲ್‌ಪೇಪರ್ ಹಾಕಿಸಿ, ಅಲ್ಲೇ ಟಿವಿ ಯೂನಿಟ್ ಕೂರಿಸೋ ಯೋಚನೆ. ಆ ಗೋಡೆಯ ಪುಟ್ಟಿ ಅಲ್ಲಲ್ಲಿ ಉಬ್ಬಿದೆ. ಕೆರೆದು ಇನ್ನೊಂದು ಕೋಟ್ ಹೊಡೆದ್ರೆ ಸಾಕು ಅಂತಾರೆ ಪೇಂಟರ್. ಮಳೆ ಹಿಡಿಯೋಕೆ ಮುಂಚೆ ಮುಗಿಸಬೇಕು. ಯಾವುದು ಮೊದಲು?

ಗಾರೆ ಕೆಲಸ:
ವಾಲ್‌ಪೇಪರ್ ಆ ಗೋಡೆಗಂತೂ ಬೇಡವೇ ಬೇಡ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಚಲು ಹೊಡೆಯೋದೇ ಪಶ್ಚಿಮ, ನೈಋತ್ಯದಿಂದ. ವಿನೈಲ್ ಪೇಪರ್ (ಪ್ಲಾಸ್ಟಿಕ್ ಪದರದ ವಾಲ್‌ಪೇಪರ್) ತೇವಾನ ಹೊರಗೆ ಬಿಡಲ್ಲ. ಹಿಂದೆ ಬೂಷ್ಟು ಬೆಳೆದು, ಅಂಟು ಬಿಟ್ಟು, ಜಾಯಿಂಟ್ ಹತ್ತಿರ ಸುರುಳಿ ಏಳುತ್ತೆ.

ಉಬ್ಬಿರೋದು ನೆಲದಿಂದ ಒಂದೆರಡು ಅಡಿವರೆಗೆ ಒಂದೇ ಸಾಲಾಗಿದ್ರೆ ನೀರು ಬುಡದಿಂದ ಏರ್ತಿದೆ. ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಎತ್ತರ ಇದ್ರೆ ಅದನ್ನ ನೆಲದ ಮಟ್ಟಕ್ಕಿಂತ ಅರ್ಧ ಅಡಿ ಕೆಳಕ್ಕೆ ತಗ್ಗಿಸಿ, ಆಚೆಗೆ ಇಳಿಜಾರು ಕೊಡಿ. ಮೇಲೂ ತೇಪೆ ತೇಪೆಯಾಗಿ ಇದ್ರೆ ಹೊರಗಿನ ಬಿರುಕು ಅಂತಲೇ ಲೆಕ್ಕ. ಬೇಸಿಗೆಯಲ್ಲಿ ಪ್ಲಾಸ್ಟಿಕ್ ಶೀಟ್ ಅಂಟಿಸಿ ತೇವ ನೋಡೋ ಪರೀಕ್ಷೆ ನಂಬಬೇಡಿ, ಮಳೆಗೆ ಸೋರೋ ಗೋಡೆಯೂ ಆಗ ಒಣಗಿರಬಹುದು. ಹೊರಗಿನಿಂದ ಪೈಪಲ್ಲಿ ಅರ್ಧ ಗಂಟೆ ನೀರು ಬಿಡಿ, ಒಳಗೆ ಎಲ್ಲಿ ಬಣ್ಣ ಗಾಢ ಆಯ್ತು ಅಂತ ಮಾರನೇ ದಿನದವರೆಗೂ ನೋಡ್ತಿರಿ.

ಬಿರುಕನ್ನ ವಿ ಆಕಾರಕ್ಕೆ ಕೆತ್ತಿ, ದೂಳು ತೆಗೆದು, ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್ ತುಂಬಿಸಿ. ಒಣಗಿದ ಮೇಲೆ ಹೊರಗೆ ಇಲಾಸ್ಟೊಮೆರಿಕ್ (ರಬ್ಬರಿನ ಹಾಗೆ ಹಿಗ್ಗೋ) ಪೇಂಟ್ ಎರಡು ಕೋಟ್. ಒಳಗೆ ತಟ್ಟಿದಾಗ ಟೊಳ್ಳು ಸದ್ದು ಬರೋ ಪುಟ್ಟಿಯನ್ನೆಲ್ಲ ಕೆರೆಸಿ. ಬಿಳಿ ಉಪ್ಪು ಕಂಡ್ರೆ ಒಣ ಬ್ರಷ್‌ನಲ್ಲೇ ಉಜ್ಜಿ. ನೀರು ಹಾಕಿದ್ರೆ ಕರಗಿ ವಾಪಸ್ ಗೋಡೆಗೇ ಇಳಿಯುತ್ತೆ. ಬಿಳಿ ಸಿಮೆಂಟ್ ಪುಟ್ಟಿ ಎರಡು ಕೋಟ್ ಸೇರಿ 1.5 ಮಿ.ಮೀ. ದಾಟಬಾರದು. ದಪ್ಪ ಆದಷ್ಟೂ ಕಳಚೋದು ಬೇಗ.

ಉಳಿಬಾಚಿ:
ಟಿವಿಯನ್ನ ಉತ್ತರದ ಗೋಡೆಗೆ ಹಾಕಿ. ಪಶ್ಚಿಮಕ್ಕೆ ಟಿವಿ ಇಟ್ರೆ ಸೋಫಾ ಬಾಗಿಲಿಗೇ ಅಡ್ಡ ಬರುತ್ತೆ. ಸೋಫಾ ದಕ್ಷಿಣದ ಕಿಟಕಿ ಕೆಳಗಿದ್ರೆ ಕಣ್ಣಿಗೂ ಟಿವಿಗೂ ಸುಮಾರು 9 ಅಡಿ. 55 ಇಂಚಿಗೆ ಸಲೀಸು, 65 ಕೂಡ ಆಗುತ್ತೆ. ಟಿವಿಯ ನಡುಭಾಗ ನೆಲದಿಂದ 42 ಇಂಚಿಗೆ ಬರಲಿ. ಶೋರೂಮಲ್ಲಿ ತೂಗುಹಾಕೋ ಎತ್ತರಕ್ಕೆ ಮನೇಲಿ ಹಾಕಿದ್ರೆ ಕತ್ತು ನೋವು ಗ್ಯಾರಂಟಿ.

ಯೂನಿಟ್‌ಗೆ ಐಎಸ್ 710 ಗುರುತಿರೋ (ನೀರು ತಡೆಯೋ ಮರೀನ್ ದರ್ಜೆಯ) 18 ಮಿ.ಮೀ. ಪ್ಲೈವುಡ್. ಮರದ ಚೂರು, ನಾರು ಒತ್ತಿ ಮಾಡೋ ಪಾರ್ಟಿಕಲ್ ಬೋರ್ಡು, ಎಂಡಿಎಫ್ ಈ ಊರಿಗಲ್ಲ. ನೆಲ ಒರೆಸೋ ನೀರಿಗೇ ಬುಡ ಊದುತ್ತೆ. ಒಳಮೈಗೂ ಲ್ಯಾಮಿನೇಟ್ ಹಾಕಿಸಿ, ಒಂದೇ ಕಡೆ ಅಂಟಿಸಿದ ಬಾಗಿಲು ಸೊಟ್ಟಗಾಗುತ್ತೆ. ನೆಲದಿಂದ 8 ಇಂಚು ಮೇಲೆ ಗೋಡೆಗೆ ತೂಗು, ಹಿಂದೆ ಒಂದು ಇಂಚು ಗಾಳಿಗೆ ಜಾಗ. ವೈರಿಗೆ 2 ಇಂಚಿನ ಪಿವಿಸಿ ಪೈಪನ್ನ ಪುಟ್ಟಿಗೆ ಮುಂಚೆಯೇ ಗೋಡೆಯೊಳಗೆ ಹುದುಗಿಸಿ, ಆಮೇಲೆ ಕೊರೆಯೋ ಗೋಳು ಬೇಡ.

ಹೊಸಿಲು:
ಸರಿ, ಟಿವಿ ಉತ್ತರಕ್ಕೆ. ಹಾಗಾದ್ರೆ ಪಶ್ಚಿಮದ ಗೋಡೆ ಬೋಳಾಗೇ ಬಿಡೋದಾ? ಪರದೆಗೆ ಬಟ್ಟೆ ಎಷ್ಟು ಬೇಕು? ಕಾಫಿ ಬೇರಿನ ಟೀಪಾಯ್ ಒಂದು ನೋಡಿಟ್ಟಿದ್ದೀವಿ, ತಗೋಬಹುದಾ?

ಬಯಲುಸೀಮೆ:
ಮೊದಲ ಮಳೆಗಾಲ ಕಳೆಯೋವರೆಗೆ ಬರೀ ಪ್ರೈಮರ್, ಎಮಲ್ಷನ್ ಹೊಡೆಸಿ ನೋಡಿ. ಗೋಡೆ ಹಿಡಿದುಕೊಂಡ್ರೆ ಆಮೇಲೆ ಫೋಟೋ ಸಾಲು ಹಾಕಿ, ಪ್ರತಿ ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ರಬ್ಬರ್ ಬಟನ್ ಅಂಟಿಸಿ, ಗೋಡೆಗೆ ತಾಗದ ಹಾಗೆ. ಗೋಡೆಗೊರಗಿಸಿ ಬೀರು ಮಾತ್ರ ಇಡಬೇಡಿ.

ಕಿಟಕಿ 5 ಅಡಿ ಅಂದ್ರೆ ರಾಡ್ ಆರೂವರೆ ಅಡಿ ಇರಲಿ, ತೆರೆದಾಗ ಪರದೆ ಗಾಜಿಗೆ ಅಡ್ಡ ಬರಲ್ಲ. ಬಟ್ಟೆ ರಾಡಿನ ಎರಡರಷ್ಟು ಅಗಲ. 48 ಇಂಚು ಪನ್ನದ ಬಟ್ಟೆ ಆದ್ರೆ ಆಚೆ ಎರಡು, ಈಚೆ ಎರಡು ಪೀಸ್. ಕಿಟಕಿ ಎತ್ತರ 4 ಅಡಿ ಇದ್ರೆ ಮೇಲೆ ಕೆಳಗೆ ಆರಾರು ಇಂಚು, ಮಡಿಕೆ ಸೇರಿ ಒಂದೊಂದಕ್ಕೆ 1.8 ಮೀಟರ್, ಒಟ್ಟು 7.2 ಮೀಟರ್. ಸೋಫಾ ಅಲ್ಲೇ ಇರೋದ್ರಿಂದ ನೆಲದವರೆಗೆ ಬೇಡ. ವೆಲ್ವೆಟ್ ಮುಗ್ಗಲು ವಾಸನೆ ಹಿಡಿಯುತ್ತೆ. ಪಾಲಿಯೆಸ್ಟರ್ ಬೆರಕೆ ಬೇಗ ಒಣಗುತ್ತೆ.

ಟೀಪಾಯ್ ತಗೊಳ್ಳಿ, ಆದ್ರೆ ತಿರುಗಿಸಿ ನೋಡಿ. ಬೇರಿನ ಸಂದಿಯಲ್ಲಿ ಗುಂಡುಸೂಜಿ ತಲೆಯಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ ಇದ್ರೆ ಕುಟ್ಟೆ ಇನ್ನೂ ಒಳಗಿದೆ. ಮೇಲಿನ ಪಾಲಿಶ್ ಎಷ್ಟೇ ಮಿನುಗಿದ್ರೂ ಅದನ್ನ ಬಿಟ್ಟು ಬೇರೆ ನೋಡಿ.