ಬಿಸಿನೀರು ಆರುವ ಲೆಕ್ಕಕ್ಕೆ ಸಮೀಕರಣ ಹುಡುಕುವ ತಂತ್ರಾಂಶ ಯಾವುದು?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಸ್ಟೀಲ್ ಲೋಟದಲ್ಲಿಟ್ಟ ಬಿಸಿನೀರು ಆರುವುದನ್ನು ನಮ್ಮ ವಿದ್ಯಾರ್ಥಿಗಳು ಮೂರು ನಿಮಿಷಕ್ಕೊಮ್ಮೆಯಂತೆ ಒಂದು ಗಂಟೆ ಕಾಲ ಅಳೆದು 21 ರೀಡಿಂಗ್ ಬರೆದುಕೊಂಡಿದ್ದಾರೆ. ಮೊದಲನೆಯದು 82 ಡಿಗ್ರಿ ಸೆಲ್ಸಿಯಸ್, ಕೊನೆಯದು 38. ಕೊಠಡಿಯ ಉಷ್ಣತೆ 26. ಎಕ್ಸೆಲ್‌ನಲ್ಲಿ ಆರನೆಯ ಘಾತದ ಟ್ರೆಂಡ್‌ಲೈನ್ ಎಳೆದಾಗ ಆರ್-ಸ್ಕ್ವೇರ್ (ಗೆರೆ ದತ್ತಾಂಶಕ್ಕೆ ಎಷ್ಟು ಹೊಂದುತ್ತದೆ ಎಂಬ ಅಳತೆ, 1 ಎಂದರೆ ಪೂರ್ಣ ಹೊಂದಿಕೆ) 0.999 ದಾಟಿತು. ಆದರೆ ಅದೇ ಸೂತ್ರಕ್ಕೆ 90 ನಿಮಿಷ ಎಂದು ಕೊಟ್ಟರೆ ನೀರು ಮತ್ತೆ 70 ಡಿಗ್ರಿಗೆ ಕಾಯುತ್ತದೆ ಎನ್ನುತ್ತದೆ! ದತ್ತಾಂಶಕ್ಕೆ ತಕ್ಕ ಸಮೀಕರಣವನ್ನು ತಾನೇ ಹುಡುಕಿಕೊಡುವ ತಂತ್ರಾಂಶಗಳಿವೆಯಂತೆ. ಯಾವುದನ್ನು ಬಳಸಬೇಕು, ಅದರ ಉತ್ತರವನ್ನು ಎಷ್ಟು ನಂಬಬಹುದು?

ಉತ್ತರ: ನಮಸ್ಕಾರ ಸರ್. ಎಕ್ಸೆಲ್ ತಪ್ಪು ಮಾಡಿಲ್ಲ. ಏಳು ಸ್ಥಿರಾಂಕಗಳನ್ನು ಕೈಗೆ ಕೊಟ್ಟರೆ ಯಾವ ನುಣುಪಾದ ವಕ್ರರೇಖೆಯನ್ನಾದರೂ ಅದು ಮುಟ್ಟಿಬಿಡುತ್ತದೆ, ಆದರೆ ಅಳೆದ ಒಂದು ಗಂಟೆಯಿಂದಾಚೆಗೆ ಏನಾಗುತ್ತದೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ.

ಸಮೀಕರಣದ ರೂಪವನ್ನೇ ಹುಡುಕುವ ತಂತ್ರಾಂಶಗಳಲ್ಲಿ ಮೊದಲು ಹೆಸರು ಮಾಡಿದ್ದು ಯುರೇಕಾ. ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೆಲ್ ಶ್ಮಿಟ್ ಮತ್ತು ಹಾಡ್ ಲಿಪ್ಸನ್ ಅವರು 2009ರಲ್ಲಿ ಜೋಡಿ ಲೋಲಕದ (ಒಂದರ ತುದಿಗೆ ಇನ್ನೊಂದು ನೇತಾಡುವ ಲೋಲಕ) ಚಲನೆಯ ಅಳತೆಗಳಿಂದಲೇ ಅದರ ಶಕ್ತಿಯ ಸಮೀಕರಣವನ್ನು ಹೊರತೆಗೆದು ತೋರಿಸಿದ್ದರು. ಆಮೇಲೆ ಅದು ವಾಣಿಜ್ಯ ಸಂಸ್ಥೆಯೊಂದರ ಪಾಲಾಯಿತು. ಇಂದು ನಾನು ಸೂಚಿಸುವುದು ಪೈಎಸ್‌ಆರ್: ಉಚಿತ, ಮುಕ್ತ ಆಕರದ್ದು, ಪೈಥಾನ್‌ನಿಂದ ಬಳಸಬಹುದಾದದ್ದು, ಒಳಗಿನ ಲೆಕ್ಕವನ್ನೆಲ್ಲ ಜೂಲಿಯಾ ಭಾಷೆಯಲ್ಲಿ ಮಾಡುವಂಥದ್ದು. ಕೂಡಿಸು, ಗುಣಿಸು, ಭಾಗಿಸು ಮುಂತಾದ ತುಣುಕುಗಳಿಂದ ನೂರಾರು ಸಮೀಕರಣಗಳನ್ನು ಮನಬಂದಂತೆ ಕಟ್ಟಿ, ದತ್ತಾಂಶಕ್ಕೆ ಹತ್ತಿರ ಬಂದವುಗಳನ್ನು ಉಳಿಸಿಕೊಂಡು, ಅವುಗಳ ತುಂಡುಗಳನ್ನು ಅದಲುಬದಲು ಮಾಡಿ, ಮತ್ತೆ ಸೋಸುವುದು ಅದರ ಕ್ರಮ. ಕೊನೆಗೆ ಅದು ಒಂದೇ ಉತ್ತರ ಕೊಡುವುದಿಲ್ಲ; ಸರಳವಾದದ್ದರಿಂದ ಜಟಿಲವಾದದ್ದರವರೆಗೆ ಒಂದು ಪಟ್ಟಿಯನ್ನೇ ಕೊಟ್ಟು, ಪ್ರತಿಯೊಂದರ ಮುಂದೆ ದೋಷವೆಷ್ಟು ಎಂದು ನಮೂದಿಸುತ್ತದೆ. ಆಯ್ಕೆ ನಿಮ್ಮದೇ.

ನೀವು ಮೊದಲ 15 ರೀಡಿಂಗ್‌ಗಳನ್ನು ಮಾತ್ರ ತಂತ್ರಾಂಶಕ್ಕೆ ಕೊಟ್ಟು ಕೊನೆಯ ಆರನ್ನು ಬಚ್ಚಿಡಿ. ಸಿಕ್ಕ ಸೂತ್ರ ಆ ಆರನ್ನು ಸರಿಯಾಗಿ ಹೇಳುತ್ತದೆಯೇ ನೋಡಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಹೆಣ್ಣುಮಕ್ಕಳ ಶಾಲೆಯ ಮೇಷ್ಟರಾಗಿದ್ದ ಯೋಹಾನ್ ಬಾಮರ್ 1885ರಲ್ಲಿ ಹೈಡ್ರೋಜನ್ನಿನ ನಾಲ್ಕೇ ರೋಹಿತ ರೇಖೆಗಳಿಗೆ (ಅದು ಹೊಮ್ಮಿಸುವ ಬೆಳಕಿನ ನಿರ್ದಿಷ್ಟ ಬಣ್ಣಗಳಿಗೆ) ಸೂತ್ರ ಹೊಂದಿಸಿದಾಗ, ಅದು ಐದನೆಯ ರೇಖೆ ಸುಮಾರು 397 ನ್ಯಾನೋಮೀಟರ್‌ನಲ್ಲಿರಬೇಕು ಎಂದಿತು. ಅವರಿಗೆ ತಿಳಿಯದಿದ್ದರೂ ಆ ರೇಖೆ ಆಗಲೇ ದಾಖಲಾಗಿತ್ತು. ಸೂತ್ರದ ಮೇಲೆ ನಂಬಿಕೆ ಹುಟ್ಟಿಸುವುದು ಅಂಥ ಹೊಂದಿಕೆಯೇ ಹೊರತು ಆರ್-ಸ್ಕ್ವೇರ್ ಅಲ್ಲ.

ಇನ್ನೊಂದು ಮಾತು: ಸೈನ್, ಕೊಸೈನ್‌ಗಳನ್ನು ಅದರ ಕೈಗೆ ಕೊಡಬೇಡಿ. ಆರುವ ನೀರಿನಲ್ಲಿ ಏರಿಳಿತವಿಲ್ಲ. ಕೊಟ್ಟರೆ ಥರ್ಮಾಮೀಟರ್ ಓದುವಾಗ ಆದ ಸಣ್ಣಪುಟ್ಟ ತಪ್ಪುಗಳಿಗೆಲ್ಲ ಅಲೆ ಸುತ್ತಿಬಿಡುತ್ತದೆ. ನಾಲ್ಕು ಮೂಲಕ್ರಿಯೆಗಳು ಮತ್ತು ಎಕ್ಸ್‌ಪೊನೆನ್ಶಿಯಲ್ (e ಎಂಬ ಸಂಖ್ಯೆಯ ಘಾತ, ಚಿಕ್ಕದಾಗಿ ಎಕ್ಸ್‌ಪೊ) ಸಾಕು.

ಮರುಪ್ರಶ್ನೆ: ಮೇಡಂ, ನೀವು ಹೇಳಿದಂತೆಯೇ ಮಾಡಿದೆ. ಪಟ್ಟಿಯಲ್ಲಿ ಎರಡರ ನಡುವೆ ಗೊಂದಲವಾಗಿದೆ. ಒಂದು ಹೀಗಿದೆ: ಉಷ್ಣತೆ = 25.4 + 54 × ಎಕ್ಸ್‌ಪೊ(−0.025 × ಸಮಯ), ಸರಾಸರಿ ದೋಷ 0.9 ಡಿಗ್ರಿ. ಇನ್ನೊಂದು ಎರಡು ಸಾಲು ಉದ್ದವಿದೆ, ಭಾಗಾಕಾರದೊಳಗೆ ಭಾಗಾಕಾರ, ದೋಷ 0.2 ಮಾತ್ರ. ಬಚ್ಚಿಟ್ಟ 60ನೆಯ ನಿಮಿಷಕ್ಕೆ ಮೊದಲನೆಯದು 37.4 ಎಂದರೆ ಎರಡನೆಯದು 33 ಎನ್ನುತ್ತದೆ.

ಉತ್ತರ: ನೀವು ಅಳೆದದ್ದು 38. ಹಾಗಿದ್ದರೆ ಎರಡನೆಯದನ್ನು ಕೈಬಿಡಿ. ಒಂದೊಂದು ಡಿಗ್ರಿಗೆ ಗೆರೆಯಿರುವ ಥರ್ಮಾಮೀಟರ್‌ನಲ್ಲಿ ಕಣ್ಣಳತೆಯಿಂದ ಅರ್ಧ ಡಿಗ್ರಿ ಓದಬಹುದು, 0.2ರ ದೋಷ ಎಂದರೆ ಅದು ನೀರನ್ನಲ್ಲ, ನಿಮ್ಮ ಹುಡುಗರ ಕಣ್ಣನ್ನು ಕಲಿತಿದೆ.

ಮೊದಲನೆಯದನ್ನು ಬಿಡಿಸಿ ನೋಡಿ. ಕೊಠಡಿಯ ಉಷ್ಣತೆಯನ್ನು ನೀವು ಹೇಳಿಕೊಡದಿದ್ದರೂ ಅದು 25.4 ಎಂದು ಕಂಡುಕೊಂಡಿದೆ. 0.025 ಎಂಬುದರ ಏಕಮಾನ 'ಪ್ರತಿ ನಿಮಿಷಕ್ಕೆ'. ಇದು ನ್ಯೂಟನ್ನನ ತಂಪಾಗುವಿಕೆಯ ನಿಯಮವೇ: ಸುತ್ತಲಿನ ಉಷ್ಣತೆಗಿಂತ ವಸ್ತು ಎಷ್ಟು ಹೆಚ್ಚು ಬಿಸಿಯಿದೆಯೋ ಅಷ್ಟು ಬೇಗ ಆರುತ್ತದೆ. ಎಕ್ಸೆಲ್ ಕೊಟ್ಟ ಸೂತ್ರದ ಕೊನೆಯ ಸ್ಥಿರಾಂಕದ ಏಕಮಾನವಾದರೋ 'ನಿಮಿಷದ ಆರನೆಯ ಘಾತಕ್ಕೆ ಇಷ್ಟು ಡಿಗ್ರಿ'. ಅದಕ್ಕೆ ಅರ್ಥ ಹೇಳಿ ಎಂದು ವಿದ್ಯಾರ್ಥಿ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.

ಆದರೂ 0.9 ಎಂಬ ದೋಷ ಥರ್ಮಾಮೀಟರ್‌ನ ತಪ್ಪಿಗಿಂತ ಹೆಚ್ಚಾಯಿತು. ಮೊದಲ ರೀಡಿಂಗ್ 82 ಇದ್ದರೆ ಸೂತ್ರ 79.4 ಎನ್ನುತ್ತದೆ. ಎಂದರೆ ನೀರು ತುಂಬ ಬಿಸಿಯಿದ್ದಾಗ ನ್ಯೂಟನ್ನನ ಲೆಕ್ಕಕ್ಕಿಂತ ಬೇಗ ಆರಿದೆ. ತೆರೆದ ಲೋಟದಿಂದ ನೀರು ಆವಿಯಾಗುತ್ತಿದ್ದದ್ದೇ ಇದಕ್ಕೆ ಕಾರಣವೆಂದು ನನ್ನ ಊಹೆ. ಈ ಸೂತ್ರದಲ್ಲಿ ಅದಕ್ಕೆ ಜಾಗವಿಲ್ಲ. ಸಮೀಕರಣವನ್ನು ಉದ್ದ ಮಾಡುವ ಬದಲು, ನೀರಿನ ಮೇಲೆ ತೆಳುವಾಗಿ ಒಂದು ಚಮಚ ಕಡಲೆಕಾಯಿ ಎಣ್ಣೆ ಹರಡಿ ಅದೇ ಲೋಟದಲ್ಲಿ ಮತ್ತೊಮ್ಮೆ ಅಳೆಯಲು ಹೇಳಿ. ಮೊದಲ ರೀಡಿಂಗ್‌ನ ಅಂತರ ಕುಗ್ಗಿದರೆ ಊಹೆ ಸರಿ. ಕುಗ್ಗದಿದ್ದರೆ ಆ 21 ಅಂಕಿಗಳನ್ನು ಇಲ್ಲಿಯೇ ಹಾಕಿ, ನೋಡೋಣ.