ಬೆಂಗಳೂರಿಗೂ ಒಬ್ಬ ಮುಖ್ಯ ಪ್ರಾಸಿಕ್ಯೂಟರ್ ಇರುತ್ತಾರಾ?

ಪ್ರಶ್ನೆ:
ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಡಿಸ್ಟ್ರಿಕ್ಟ್ ಅಟಾರ್ನಿಯನ್ನು, ಅಂದರೆ ಅಲ್ಲಿನ ಮುಖ್ಯ ಪ್ರಾಸಿಕ್ಯೂಟರನ್ನು (ಕ್ರಿಮಿನಲ್ ಕೇಸು ನಡೆಸುವ ಸರ್ಕಾರಿ ವಕೀಲರನ್ನು), ಜನರೇ ನಾಲ್ಕು ವರ್ಷಕ್ಕೊಮ್ಮೆ ಓಟು ಹಾಕಿ ಆರಿಸುತ್ತಾರೆ. ರಾಬರ್ಟ್ ಮಾರ್ಗೆಂಥೌ ಅನ್ನುವವರು 1975ರಿಂದ 2009ರವರೆಗೂ ಆ ಕುರ್ಚಿಯಲ್ಲಿದ್ದರು. ನಮ್ಮ ಬೆಂಗಳೂರಲ್ಲಿ ಯಾವ ಕೇಸಿಗೆ ಜಾಸ್ತಿ ಗಮನ ಕೊಡಬೇಕು ಅಂತ ಯಾರು ನೋಡುತ್ತಾರೆ? ನಾನು ಎಲ್‌ಎಲ್‌ಬಿ ಕೊನೇ ವರ್ಷ, ಈ ದಾರಿ ಹಿಡಿಯುವ ಆಸೆ ಇದೆ.

ಉತ್ತರ 1:
ನಮ್ಮಲ್ಲಿ ಚುನಾವಣೆ ಇಲ್ಲ, ಸರ್ಕಾರವೇ ನೇಮಿಸುತ್ತದೆ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸಹಾಯಕ ಸರ್ಕಾರಿ ಅಭಿಯೋಜಕರು (ಅಭಿಯೋಜಕರು ಅಂದರೆ ಪ್ರಾಸಿಕ್ಯೂಟರ್) ಇರುತ್ತಾರೆ, ಅದಕ್ಕೆ ಪರೀಕ್ಷೆ ಬರೆಯಬೇಕು. ಸೆಷನ್ಸ್ ಕೋರ್ಟಿನ ಪಬ್ಲಿಕ್ ಪ್ರಾಸಿಕ್ಯೂಟರ್ ಆಗಲು ಕನಿಷ್ಠ 7 ವರ್ಷ ವಕೀಲಿಕೆ ಮಾಡಿರಬೇಕು. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ (ಕ್ರಿಮಿನಲ್ ಕೇಸು ಹೇಗೆ ನಡೆಯಬೇಕು ಅನ್ನುವ ಕಾನೂನು) ಆದ್ಯತೆ ಸ್ಪಷ್ಟವಾಗಿದೆ: 10 ವರ್ಷ ಅಥವಾ ಅದಕ್ಕೂ ಜಾಸ್ತಿ ಶಿಕ್ಷೆ ಇರುವ ಕೇಸುಗಳ ಮೇಲೆ ಅಭಿಯೋಜನಾ ನಿರ್ದೇಶಕರೇ (ರಾಜ್ಯದ ಪ್ರಾಸಿಕ್ಯೂಷನ್ ಇಲಾಖೆಯ ಮುಖ್ಯಸ್ಥರು) ಕಣ್ಣಿಡಬೇಕು, 7ರಿಂದ 10 ವರ್ಷದೊಳಗಿನದ್ದು ಉಪ ನಿರ್ದೇಶಕರಿಗೆ, ಅದಕ್ಕಿಂತ ಕಡಿಮೆಯದ್ದು ಸಹಾಯಕ ನಿರ್ದೇಶಕರಿಗೆ.

ಉತ್ತರ 2:
ಕಾನೂನು ಸರಿ, ಆದರೆ ಮನುಷ್ಯರು ಮುಖ್ಯ ಅಲ್ವಾ. ನಮ್ಮಮ್ಮನ ಸರ ಕಿತ್ತುಕೊಂಡು ಹೋದ ಕೇಸಿನಲ್ಲಿ, ಸಾಕ್ಷಿ ಹೇಳುವ ಮುಂಚೆ ಪ್ರಾಸಿಕ್ಯೂಟರ್ ಮೇಡಂ ಹತ್ತು ನಿಮಿಷ ಪಕ್ಕದಲ್ಲಿ ಕೂತು, "ಹೆದರಬೇಡಿ ಅಮ್ಮ, ನೋಡಿದ್ದಷ್ಟೇ ಹೇಳಿ" ಅಂದರು. ಅಮ್ಮ ಅದನ್ನು ಇವತ್ತಿಗೂ ನೆನೆಯುತ್ತಾರೆ.

ಉತ್ತರ 3:
ಒಂದು ಮಾತು ಸೇರಿಸುತ್ತೇನೆ. ಪ್ರಾಸಿಕ್ಯೂಟರ್ ಅಂದರೆ ಪೊಲೀಸರ ವಕೀಲರಲ್ಲ. ಕೇಸು ವಾಪಸ್ ತಗೊಳ್ಳಬೇಕಾದರೂ ಸರ್ಕಾರ ಹೇಳಿತು ಅಂತ ಸುಮ್ನೆ ಸಹಿ ಹಾಕುವಂತಿಲ್ಲ, ತಾವೇ ಯೋಚಿಸಬೇಕು, ಕೋರ್ಟಿನ ಒಪ್ಪಿಗೆಯೂ ಬೇಕೇ ಬೇಕು. ಈಗಲೇ ಕೆಂಪೇಗೌಡ ರಸ್ತೆಯ ಸಿಟಿ ಸಿವಿಲ್ ಮತ್ತು ಸೆಷನ್ಸ್ ಕೋರ್ಟಿಗೆ ಹೋಗಿ ಪಾಟೀಸವಾಲು ಕೇಳುತ್ತಾ ಕೂತ್ಕೊಳ್ಳಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಎಲ್ಲರಿಗೂ. ಸೋಮವಾರ ಹೋಗುತ್ತೇನೆ.